ಜೇಬು ತುಂಬ ಕಲ್ಲು ತರುವ ಮಗಳು: ಎಲ್ಲಿ ಹೆದರಬೇಕು, ಎಲ್ಲಿ ಬಿಡಬೇಕು?

ಪ್ರಶ್ನೆ: ನನ್ನ ಮಗಳಿಗೆ ಐದೂವರೆ ವರ್ಷ. ಹೊರಗೆ ಹೋದರೆ ಜೇಬು ತುಂಬ ಕಲ್ಲು ತರುತ್ತಾಳೆ. ದಿಂಬಿನ ಕೆಳಗೆ ಕಲ್ಲು, ವಾಷಿಂಗ್ ಮಷೀನಿನಲ್ಲೂ ಕಲ್ಲು. ಅವಳ ಹುಚ್ಚು ನೋಡಿ ಸಂಬಂಧಿಕರೊಬ್ಬರು ಮೂವತ್ತು ಖನಿಜಗಳಿರುವ ಪೆಟ್ಟಿಗೆ ಉಡುಗೊರೆ ಕೊಟ್ಟರು. ಅದರಲ್ಲಿ ಗೆಲೀನಾ ಎಂಬುದೊಂದಿದೆ. ಅದು ಸೀಸದ ಅದಿರು ಎಂದು ಓದಿದ ಮೇಲೆ ಪೆಟ್ಟಿಗೆಯನ್ನೇ ಅಟ್ಟಕ್ಕೆ ಹಾಕಿದೆ. ಮನೆಯಲ್ಲಿ ಒಂದೂವರೆ ವರ್ಷದ ಮಗನೂ ಇದ್ದಾನೆ, ಸಿಕ್ಕಿದ್ದೆಲ್ಲ ಬಾಯಿಗೆ. ಮಗಳು ಈಗ ಸುತ್ತಿಗೆ ಬೇಕು ಅನ್ನುತ್ತಿದ್ದಾಳೆ. 'ಇದು ಯಾವ ಕಲ್ಲಮ್ಮಾ? ಎಷ್ಟು ವರ್ಷದ್ದು?' ಅಂತ ಕೇಳಿದರೆ ನನಗೆ ಉತ್ತರ ಗೊತ್ತಿಲ್ಲ. ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ ಎಂದು ಓದಿಕೊಂಡು ಹೇಳಲು ಹೋದೆ, ಅರ್ಧಕ್ಕೇ ಎದ್ದು ಓಡಿದಳು. ಹೊಳೆಯಲ್ಲಿ ಮಿಂಚುತ್ತಿದ್ದ ಕಲ್ಲು ಮನೆಗೆ ಬಂದ ಮೇಲೆ ಮಂಕಾಯಿತು ಅಂತ ಒಂದು ದಿನ ಅತ್ತೂ ಬಿಟ್ಟಳು. ಕಲ್ಲಿನಿಂದ ವಿಷ ಆಗುತ್ತದಾ? ಈ ಹವ್ಯಾಸ ಬೆಳೆಸಬೇಕೇ, ಮೆಲ್ಲಗೆ ಬಿಡಿಸಬೇಕೇ?

ಉತ್ತರ: ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ್ದು ಒಳ್ಳೆಯದೇ ಆಯಿತು. ಆದರೆ ಕಾರಣ ನೀವು ಅಂದುಕೊಂಡದ್ದಲ್ಲ.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಕಲ್ಲು ವಿಷವಾ, ಸುತ್ತಿಗೆ ಕೊಡಬಹುದಾ, ನನಗೇ ಗೊತ್ತಿಲ್ಲದ್ದನ್ನು ಮಗಳಿಗೆ ಹೇಗೆ ಹೇಳಲಿ. ಖನಿಜಗಳ ಪಾಠ ಮಾಡುತ್ತ, ಜನ ತಂದ ಕಲ್ಲು ನೋಡಿ ಇಂಥದ್ದು ಎಂದು ಹೇಳುತ್ತ ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಳೆದಿದ್ದೇನೆ. ಅಪ್ಪ ಅಮ್ಮಂದಿರು ಹೆದರುವುದು ವಿಷಕ್ಕೆ. ನಾನು ಹೆದರುವುದು ಗಂಟಲಿಗೆ ಮತ್ತು ಕಣ್ಣಿಗೆ.

ವಿಷದ ಮಾತನ್ನು ಮೊದಲು ಮುಗಿಸೋಣ. ದಾರಿ ಬದಿಯಲ್ಲಿ, ಹೊಳೆ ದಂಡೆಯಲ್ಲಿ, ಬಯಲಿನಲ್ಲಿ ಮಕ್ಕಳ ಕೈಗೆ ಸಿಗುವುದರಲ್ಲಿ ಬಹುಪಾಲು ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಸುಣ್ಣಕಲ್ಲು, ಮರಳುಗಲ್ಲು, ಗ್ರಾನೈಟ್ ಚೂರು, ಕಪ್ಪು ಬಸಾಲ್ಟ್. ಇವನ್ನು ಮುಟ್ಟಿದರೆ ಏನೂ ಆಗುವುದಿಲ್ಲ. ಆಮೇಲೆ ಕೈ ತೊಳೆಯಬೇಕು, ನಿಜ. ಆದರೆ ಅದು ಕಲ್ಲಿಗಲ್ಲ, ಕಲ್ಲಿಗೆ ಮೆತ್ತಿದ ಮಣ್ಣಿಗಾಗಿ.

ನಿಜವಾಗಿಯೂ ದೂರ ಇಡಬೇಕಾದ ಖನಿಜಗಳು ಮನೆಯೊಳಗೆ ಬರುವುದು ಹೆಚ್ಚಾಗಿ ಉಡುಗೊರೆಯಾಗಿ, ಇಲ್ಲವೇ ದುಡ್ಡು ಕೊಟ್ಟು ತಂದದ್ದಾಗಿ. ಯಾಕೆಂದರೆ ಅವು ನೋಡಲು ಬಲು ಚೆಂದ. ಕೆಂಪಗೆ ಕಣ್ಣು ಸೆಳೆಯುವ ಇಂಗಲೀಕ ಪಾದರಸದ ಅದಿರು. ಹಳದಿ ಹರಿದಾಳ, ಕಿತ್ತಳೆ ಬಣ್ಣದ ಮಣಿಶಿಲೆ ಎರಡರಲ್ಲೂ ಆರ್ಸೆನಿಕ್ ಇದೆ. ಕಲ್ನಾರು ರೇಷ್ಮೆ ಎಳೆಯಂತೆ ಬಿಡಿಸಿಕೊಂಡು ಬರುತ್ತದೆ. ಆ ಎಳೆಗಳು ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶದಲ್ಲೇ ಉಳಿಯುತ್ತವೆ. ಟಾರ್ಬರ್ನೈಟ್ ಎಂಬ ಹಸಿರು ಹರಳಿನಲ್ಲಿ ಯುರೇನಿಯಂ ಇದೆ. ಕಡುನೀಲಿ ಹರಳಿನ ಗೊಂಚಲು ಎಂದು ಮಾರುವುದರಲ್ಲಿ ಕೆಲವು ಮನುಷ್ಯರೇ ಬೆಳೆಸಿದ ಮೈಲುತುತ್ತ. ಒದ್ದೆ ಬೆರಳು ತಾಗಿದರೂ ಕರಗುತ್ತದೆ, ಹೊಟ್ಟೆಗೆ ಹೋದರೆ ವಿಷ. ಇವು ಯಾವುವೂ ಚಿಕ್ಕ ಮಕ್ಕಳ ಮನೆಗೆ ಬೇಡ. ಇಲ್ಲಿ ನನ್ನ ಹತ್ತಿರ ರಾಜಿ ಇಲ್ಲ.

ಗೆಲೀನಾ ಇವುಗಳ ನಡುವೆ ಸ್ವಲ್ಪ ಬೇರೆ. ಅದರ ತೂಕದಲ್ಲಿ ನೂರಕ್ಕೆ 86 ಪಾಲಿಗೂ ಮಿಕ್ಕಿ ಸೀಸವೇ, ಹೌದು. ಆದರೆ ಆ ಸೀಸ ಗಂಧಕದ ಜೊತೆ ಬಿಗಿಯಾಗಿ ಕೂತಿದೆ. ಹಿಡಿದ ಮಾತ್ರಕ್ಕೆ ಚರ್ಮದೊಳಗೆ ಇಳಿಯುವುದಿಲ್ಲ. ತೊಂದರೆ ಇರುವುದು ಪುಡಿಯಲ್ಲಿ. ಗೆಲೀನಾ ತುಂಬ ಮೆದು, ತಟ್ಟಿದರೆ ಚೌಕ ಚೌಕವಾಗಿ ಒಡೆಯುತ್ತದೆ. ನಿಮ್ಮ ಪೆಟ್ಟಿಗೆಯ ಆ ಗೂಡಿನ ತಳ ನೋಡಿ, ಬೂದು ಬಣ್ಣದ ಮಿಂಚುವ ನುಚ್ಚು ಇರಬಹುದು. ಆ ನುಚ್ಚು ಬೆರಳಿಗೆ, ಬೆರಳು ಬಾಯಿಗೆ. ದಾರಿ ಇದು. ಹಾಗಾಗಿ ಎರಡು ಆಯ್ಕೆ. ಮುಚ್ಚಳದ ಡಬ್ಬಿಯಲ್ಲಿ ಒಂಟಿಯಾಗಿ ಎತ್ತರದಲ್ಲಿಟ್ಟು, ನಿಮ್ಮೆದುರೇ ತೋರಿಸಿ, ಕೂಡಲೇ ಕೈ ತೊಳೆಸುವುದು ಒಂದು. ಶಾಲೆಗೋ ಸಂಗ್ರಹಾಲಯಕ್ಕೋ ಕೊಟ್ಟುಬಿಡುವುದು ಇನ್ನೊಂದು. ತೋರಿಸಿದರೆ ಮಗಳಿಗೆ ಮಜಾ ಇದೆ: ಗೆಲೀನಾ ಅಷ್ಟೇ ಗಾತ್ರದ ನೀರಿಗಿಂತ ಏಳೂವರೆ ಪಟ್ಟು ಭಾರ, ಬೆಣಚು ಬರೀ 2.65 ಪಟ್ಟು. ಎರಡು ಕೈಯಲ್ಲಿ ಎರಡನ್ನೂ ಹಿಡಿಸಿದರೆ ಕೈ ಧೊಪ್ಪೆಂದು ಕೆಳಗಿಳಿಯುತ್ತದೆ. ಆದರೂ ಒಂದೂವರೆ ವರ್ಷದ ಮಗು ಇರುವ ಮನೆಯಾದ್ದರಿಂದ, ನಾನಾಗಿದ್ದರೆ ಸದ್ಯಕ್ಕೆ ಕೊಟ್ಟುಬಿಡುತ್ತಿದ್ದೆ. ಹಿತ್ತಲಿಗೆ ಮಾತ್ರ ಎಸೆಯಬೇಡಿ.

ಈಗ ನನ್ನ ಭಯಕ್ಕೆ ಬರುತ್ತೇನೆ. ಆ ಪೆಟ್ಟಿಗೆಯ ಕಲ್ಲುಗಳ ಗಾತ್ರ ನೋಡಿದ್ದೀರಾ? ಇಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಗೋಲಿಯಷ್ಟು ದೊಡ್ಡದು ಇರುತ್ತವೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷಿಸುವಾಗ 31.7 ಮಿಲಿಮೀಟರ್ ಅಗಲದ ಒಂದು ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಮಗುವಿನ ಉಸಿರುಗಟ್ಟಿಸಬಹುದು ಎಂದು ಲೆಕ್ಕ. ನಿಮ್ಮ ಪೆಟ್ಟಿಗೆಯ ಮೂವತ್ತೂ ಕಲ್ಲು ಅದರಲ್ಲಿ ಇಳಿದರೆ ನನಗೆ ಆಶ್ಚರ್ಯವಿಲ್ಲ. ಅಂದರೆ ಗೆಲೀನಾ ತೆಗೆದು ಉಳಿದ ಇಪ್ಪತ್ತೊಂಬತ್ತನ್ನು ಕೆಳಗಿಟ್ಟರೆ ಅಪಾಯ ಕಡಿಮೆ ಆಗಲಿಲ್ಲ. ತೀರಾ ಸಾಧುವಾದ ಬೆಣಚುಕಲ್ಲೂ ಒಂದೂವರೆ ವರ್ಷದ ಗಂಟಲಲ್ಲಿ ಸಾಧುವಲ್ಲ.

ಮನೆಯಲ್ಲಿ ಟಾಯ್ಲೆಟ್ ಪೇಪರ್ ಸುತ್ತಿದ ರಟ್ಟಿನ ಕೊಳವೆ ಇದ್ದರೆ ಅದು ಸಾಕು. ಪರೀಕ್ಷೆಯ ಕೊಳವೆಗಿಂತ ಸ್ವಲ್ಪ ಅಗಲ ಜಾಸ್ತಿ, ಅದು ಒಳ್ಳೆಯದೇ. ಅದನ್ನು ಮಗಳ ಕೈಗೆ ಕೊಡಿ. 'ಇದರೊಳಗೆ ಹೋಗುವ ಕಲ್ಲೆಲ್ಲ ಮೇಲಿನ ಡಬ್ಬಿಗೆ, ಹೋಗದ್ದು ಕೆಳಗೆ' ಅನ್ನಿ. ತಪಾಸಣೆ ಅಧಿಕಾರಿ ಅವಳೇ. ಬೈದು ಹೇಳುವುದಕ್ಕಿಂತ ಇದು ಎಷ್ಟೋ ಚೆನ್ನಾಗಿ ನಡೆಯುತ್ತದೆ, ನೋಡಿದ್ದೇನೆ. ಬಾಗಿಲ ಹೊರಗೆ ಒಂದು ಬೋಗುಣಿ ಇಡಿ, ಜೇಬು ಅಲ್ಲೇ ಖಾಲಿಯಾಗಬೇಕು. ದಿಂಬಿನ ಕೆಳಗಿನ ಕಲ್ಲು ನಿಲ್ಲಲೇಬೇಕು, ಅದು ಉರುಳಿ ಬಿದ್ದಾಗ ಮೊದಲು ಸಿಗುವುದು ತೆವಳಿಕೊಂಡು ಬರುವವನಿಗೇ. ಆದರೂ ಗಮನ ತಪ್ಪಿಸಬೇಡಿ. ಐದೂವರೆ ವರ್ಷದ ಅಧಿಕಾರಿಗೆ ಮರೆವು ಸಹಜ.

ಇಲ್ಲೇ ಇನ್ನೊಂದು ಮಾತು. ಕಲ್ಲಿನ ಪೆಟ್ಟಿಗೆಗಳ ಜೊತೆ ಕೆಲವೊಮ್ಮೆ ಪುಟ್ಟ, ಭಾರೀ ಶಕ್ತಿಯ ಅಯಸ್ಕಾಂತದ ತುಂಡುಗಳು ಬರುತ್ತವೆ. ಎರಡು ನುಂಗಿದರೆ ಕರುಳಿನ ಗೋಡೆಯನ್ನು ನಡುವೆ ಹಿಡಿದು ತೂತು ಮಾಡಬಲ್ಲವು. ಅವನ್ನು ತೆಗೆದಿಡಿ. ಅಂಗೈ ಅಗಲದ ಒಂದೇ ಒಂದು ದೊಡ್ಡ ಅಯಸ್ಕಾಂತ ಸಾಕು.

ಮತ್ತೆ, ಮಗಳು ಕಲ್ಲು ನೆಕ್ಕುತ್ತಾಳಾ? ನೀವು ಬರೆದಿಲ್ಲ, ಆದರೆ ಕೇಳಿಯೇ ಬಿಡುತ್ತೇನೆ, ಯಾಕೆಂದರೆ ಭೂವಿಜ್ಞಾನಿಗಳೇ ನೆಕ್ಕುತ್ತಾರೆ! ಒದ್ದೆಯಾದರೆ ಕಲ್ಲಿನ ಕಣ ಸ್ಪಷ್ಟವಾಗಿ ಕಾಣುತ್ತದೆ. ಚೂರು ಜೇಡಿಗಲ್ಲನ್ನು ಹಲ್ಲಿನಲ್ಲಿ ಕಡಿದು ನೋಡುವವರೂ ಇದ್ದಾರೆ. ನುಣ್ಣಗಿದ್ದರೆ ಬರೀ ಜೇಡಿ, ಕರಕರ ಅಂದರೆ ಒಳಗೆ ಹೂಳಿನ ಕಣ ಇದೆ. ನಾನೂ ಮಾಡಿದ್ದೇನೆ. ಮಕ್ಕಳೆದುರು ಮಾತ್ರ ಮಾಡುವುದಿಲ್ಲ. ಒಂದು ಪುಟ್ಟ ಸ್ಪ್ರೇ ಬಾಟಲಿಯಲ್ಲಿ ನೀರು ಕೊಟ್ಟುಬಿಡಿ, ನಾಲಿಗೆಯ ಕೆಲಸ ಮುಗಿಯಿತು.

ಸುತ್ತಿಗೆ. ಐದೂವರೆಗೆ ಬೇಡ. ನನ್ನ ಎಡ ಹುಬ್ಬಿನಲ್ಲಿ ಒಂದು ಗೆರೆ ಇದೆ. ಓದುವ ಕಾಲದಲ್ಲಿ, ಒಂದೇ ಏಟು ತಾನೇ ಅಂತ ಕನ್ನಡಕ ಹಾಕದೆ ಹೊಡೆದಾಗ ಸಿಡಿದ ಚಕ್ಕೆಯ ಗುರುತು ಅದು. ಒಂದು ಬೆರಳು ಕೆಳಗೆ ಬಿದ್ದಿದ್ದರೆ ಈ ಉತ್ತರವನ್ನು ಒಂದು ಕಣ್ಣಿನಲ್ಲಿ ಬರೆಯಬೇಕಿತ್ತು. ಬೆಣಚು ಒಡೆದಾಗ ಅಂಚು ಗಾಜಿನ ಚೂರಿನಂತೆಯೇ ಹರಿತ. ಮೊಳೆ ಹೊಡೆಯುವ ಸುತ್ತಿಗೆಯಂತೂ ಕಲ್ಲಿಗೆ ಮಾಡಿದ್ದಲ್ಲ, ಅದರ ಮುಖದಿಂದಲೇ ಉಕ್ಕಿನ ಚೂರು ಎಗರಬಹುದು. ಕಲ್ಲಿನ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒಂದೆರಡು ಸಲಕ್ಕೆ ಏನೂ ಆಗದಿದ್ದರೂ ಮೊದಲೇ ಒದ್ದೆ ಮಾಡಿಕೊಂಡು ಒಡೆಯುವ ಅಭ್ಯಾಸ ಬೇಕು. ಎಂಟು ವರ್ಷದ ಹೊತ್ತಿಗೆ, ಪಕ್ಕದಲ್ಲಿ ದೊಡ್ಡವರಿದ್ದು, ಕಣ್ಣನ್ನು ಎಲ್ಲ ಕಡೆಯಿಂದ ಮುಚ್ಚುವ ಸುರಕ್ಷತಾ ಕನ್ನಡಕ ಇದ್ದರೆ ಶುರು ಮಾಡಬಹುದು ಎಂಬುದು ನನ್ನ ಅಂದಾಜು. ಕೆಲವು ಮಕ್ಕಳಿಗೆ ಹತ್ತು. ಅಲ್ಲಿಯವರೆಗೆ ಒಳಗೇನಿದೆ ಎಂದು ಹಟ ಹಿಡಿದರೆ, ಕಲ್ಲನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ನೀವೇ ಒಡೆಯಿರಿ. ಕನ್ನಡಕ ನಿಮಗೂ ಬೇಕು, ದೂರ ನಿಂತ ಅವಳಿಗೂ ಬೇಕು. ಇನ್ನೂ ಸುಲಭದ ದಾರಿ, ಈಗಾಗಲೇ ಒಡೆದು ಬಿದ್ದ ಕಲ್ಲುಗಳನ್ನೇ ಹುಡುಕುವುದು. ಬೆಂಕಿಗೆ ಹಾಕಿ ಒಡೆಯುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಹೊಳೆಕಲ್ಲಿನೊಳಗೆ ಸೇರಿದ ನೀರು ಆವಿಯಾಗಿ ಕಲ್ಲು ಪಟಾಕಿಯಂತೆ ಸಿಡಿಯುತ್ತದೆ.

ಇನ್ನು 'ಇದು ಯಾವ ಕಲ್ಲಮ್ಮಾ?' ನಿಮಗೆ ಸಮಾಧಾನ ಆಗಲಿ ಅಂತ ಒಂದು ಗುಟ್ಟು ಹೇಳುತ್ತೇನೆ. ಹೊಳೆಯಲ್ಲಿ ಉರುಳಿ ನುಣ್ಣಗಾದ ಕಲ್ಲನ್ನು ಬರೀ ಕಣ್ಣಲ್ಲಿ ನೋಡಿ ಹೆಸರು ಹೇಳಲು ನನಗೂ ಎಷ್ಟೋ ಸಲ ಆಗುವುದಿಲ್ಲ. ಸಂದೇಹ ಬಂದರೆ ನಾವು ಕಲ್ಲನ್ನು ಕುಯ್ದು, 0.03 ಮಿಲಿಮೀಟರ್ ದಪ್ಪಕ್ಕೆ ಸವೆಸಿ, ಬೆಳಕು ಹಾಯುವಂತೆ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಹಾಗಿರುವಾಗ ಅಡುಗೆಮನೆಯಲ್ಲಿ ನಿಂತ ನಿಮಗೆ ಹೆಸರು ಹೊಳೆಯದಿದ್ದರೆ ಅದರಲ್ಲಿ ನಾಚಿಕೆ ಏನಿದೆ? 'ಗೊತ್ತಿಲ್ಲ, ಕಲ್ಲನ್ನೇ ಕೇಳೋಣ' ಅನ್ನಿ.

ಮೂರು ಬಗೆಯ ಶಿಲೆಗಳ ಪಾಠ ಬಿಟ್ಟು ಅವಳು ಓಡಿದ್ದೂ ಸರಿಯೇ. ಆ ವಿಂಗಡಣೆ ಇರುವುದು ಕಲ್ಲು ಹುಟ್ಟಿದ ರೀತಿಯ ಮೇಲೆ. ಅದು ಕೈಯಲ್ಲಿ ಹಿಡಿದರೆ ಕಾಣುವುದಿಲ್ಲ. ಈ ವಯಸ್ಸಿಗೆ ಕಲ್ಲು ಏನಾದರೂ 'ಮಾಡಬೇಕು'.

ಗೀರಿ ನೋಡುವುದರಿಂದ ಶುರು ಮಾಡಿ. ಜರ್ಮನಿಯ ಫ್ರೀಡ್ರಿಕ್ ಮೋಸ್ 1812ರಲ್ಲಿ ಖನಿಜಗಳನ್ನು ಗಡಸುತನದ ಮೇಲೆ ಒಂದರಿಂದ ಹತ್ತರವರೆಗೆ ಸಾಲಾಗಿ ನಿಲ್ಲಿಸಿದ. ಹೆಸರಿನಲ್ಲಷ್ಟೇ ಮೋಸ, ಪಟ್ಟಿಯನ್ನು ಇವತ್ತಿಗೂ ನಂಬುತ್ತೇವೆ. ತುದಿಯಲ್ಲಿ ಬಳಪದ ಕಲ್ಲಿನ ಟಾಲ್ಕ್, ಅದಕ್ಕೆ ಒಂದು. ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟಿಗೆ ಮೂರು, ಬೆಣಚಿಗೆ ಏಳು, ವಜ್ರಕ್ಕೆ ಹತ್ತು. ನಮ್ಮ ಉಗುರು ಸುಮಾರು ಎರಡೂವರೆ, ಉಕ್ಕಿನ ಮೊಳೆ ಐದೂವರೆಯ ಆಸುಪಾಸು. ಈಗ ಮಗಳ ಸಂಗ್ರಹದಿಂದ ಎರಡು ಬಿಳಿ ಕಲ್ಲು ತೆಗೆಯಿರಿ. ಮೇಜಿನ ಮೇಲಿಟ್ಟು ಮೊಳೆಯಿಂದ ಗೀರಿ. ಎರಡರ ಮೇಲೂ ಗೆರೆ ಬಂತು ಅಲ್ವಾ? ತಾಳಿ. ಒದ್ದೆ ಬೆರಳಿನಿಂದ ಉಜ್ಜಿಸಿ. ಒಂದರ ಮೇಲಿನ ಗೆರೆ ಅಳಿಸಿ ಹೋದರೆ ಅದು ಕಲ್ಲಿಗೆ ಬಿದ್ದ ಗಾಯವಲ್ಲ, ಕಲ್ಲೇ ಮೊಳೆಯನ್ನು ಸವೆಸಿ ಅದರ ಲೋಹವನ್ನು ಬಳಿದುಕೊಂಡದ್ದು. ಅದು ಬಹುಶಃ ಬೆಣಚು. ಗೆರೆ ಹಾಗೇ ಉಳಿದು ಬಿಳಿ ಪುಡಿ ಬಂದರೆ ಕ್ಯಾಲ್ಸೈಟೋ ಸುಣ್ಣಕಲ್ಲೋ ಇರಬಹುದು. ಆ ಪುಡಿಯ ಮೇಲೆ ಒಂದು ಹನಿ ವಿನೆಗರ್ ಬಿಟ್ಟು ಭೂತಗನ್ನಡಿ ಹಿಡಿಯಿರಿ. ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಒಂದೊಂದಾಗಿ ಏಳುತ್ತವೆ. ಕಲ್ಲಿನಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತಿದೆ. 'ಕಲ್ಲು ಉಸಿರು ಬಿಡ್ತಿದೆ' ಅಂತ ಒಬ್ಬ ಹುಡುಗ ನನ್ನ ಮೇಜಿನ ಹತ್ತಿರ ಕೂಗಿದ್ದ. ತಿದ್ದಲು ಹೋಗಲಿಲ್ಲ. ನಾವು ಪ್ರಯೋಗಾಲಯದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಬಳಸುತ್ತೇವೆ, ಮನೆಯಲ್ಲಿ ಅದು ಬೇಡವೇ ಬೇಡ.

ಹೊಳಪಿಲ್ಲದ ಟೈಲ್ಸಿನ ಹಿಂಬದಿ ಇದ್ದರೆ ಅದರ ಮೇಲೆ ಕಲ್ಲಿನಿಂದ ಗೆರೆ ಎಳೆಸಿ. ಉಕ್ಕಿನಂತೆ ಬೂದಾಗಿ ಕಾಣುವ ಹೆಮಟೈಟ್ ಎಂಬ ಕಬ್ಬಿಣದ ಅದಿರು ಇಟ್ಟಿಗೆಗೆಂಪು ಗೆರೆ ಎಳೆಯುತ್ತದೆ. ಅದರ ಹೆಸರು ಬಂದದ್ದೇ ರಕ್ತ ಎಂಬ ಗ್ರೀಕ್ ಪದದಿಂದ. ಚಿನ್ನ ಸಿಕ್ಕಿತೆಂದು ಕುಣಿಯುವ ಮಕ್ಕಳ ಕೈಯಲ್ಲಿರುವುದು ಹೆಚ್ಚಾಗಿ ಕಬ್ಬಿಣ ಮತ್ತು ಗಂಧಕ ಸೇರಿದ ಪೈರೈಟ್, ಇಲ್ಲವೇ ಕಾಗೆಬಂಗಾರ, ಅಂದರೆ ಅಭ್ರಕ. ಪೈರೈಟಿನ ಗೆರೆ ಹಸಿರು ಮಿಶ್ರಿತ ಕಪ್ಪು, ಚಿನ್ನದ್ದು ಹಳದಿಯೇ. ಕಾಗೆಬಂಗಾರ ಉಗುರು ತಾಗಿಸಿದರೆ ಹಾಳೆ ಹಾಳೆಯಾಗಿ ಏಳುತ್ತದೆ. ಇನ್ನು ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಣ ಮರಳಿನಲ್ಲಿ ಎಳೆಯಿರಿ. ಕಪ್ಪು ಕಣಗಳು ಮೀಸೆಯಂತೆ ನಿಲ್ಲುತ್ತವೆ, ಅವು ಬಹುತೇಕ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು. ಚೀಲ ಮರೆತರೆ ಆ ಕಣಗಳನ್ನು ಬಿಡಿಸುವುದರಲ್ಲೇ ಸಂಜೆ ಕಳೆಯುತ್ತದೆ.

ಮಂಕಾದ ಕಲ್ಲಿನ ದುಃಖಕ್ಕೂ ಕಾರಣ ಇದೆ. ಹೊಳೆಯಲ್ಲಿ ಉಜ್ಜಿದ ಕಲ್ಲಿನ ಮೈಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ಗೀರು ಇರುತ್ತವೆ. ಒಣಗಿದಾಗ ಬೆಳಕು ಆ ಗೀರುಗಳಿಗೆ ತಾಗಿ ಎಲ್ಲ ಕಡೆ ಚೆದುರುತ್ತದೆ, ಬಿಳಿ ಮಂಜು ಕವಿದಂತೆ ಕಾಣುತ್ತದೆ. ನೀರು ಗೀರನ್ನು ತುಂಬಿ ಮೈಯನ್ನು ಸಪಾಟು ಮಾಡುತ್ತದೆ. ಆಗ ಬೆಳಕು ಒಳಗೆ ಇಳಿದು ಬಣ್ಣ ಹೊತ್ತು ಬರುತ್ತದೆ. ಬಣ್ಣ ಹೋಗಿಲ್ಲ, ಮುಚ್ಚಿಕೊಂಡಿದೆ ಅಷ್ಟೇ. ಒದ್ದೆ ಬೆರಳಿನಲ್ಲಿ ಆ ಕಲ್ಲಿನ ಮೇಲೆ ಒಂದು ಗೆರೆ ಎಳೆಯಲು ಹೇಳಿ, ಅವಳಿಗೇ ಗೊತ್ತಾಗುತ್ತದೆ. ಎಣ್ಣೆ ಹಚ್ಚಬಹುದು, ಆದರೆ ದೂಳು ಹಿಡಿದು ಜಿಡ್ಡಾಗುತ್ತದೆ. ಪಾಲಿಶ್ ಮಾಡುವ ಉರುಳೆ ಯಂತ್ರ ಸಿಗುತ್ತದೆ, ವಾರಗಟ್ಟಲೆ ಹಗಲೂ ರಾತ್ರಿ ಗಡಗಡ ಅನ್ನುತ್ತದೆ. ಅದರ ಕೆಸರು ಸಿಂಕಿಗೆ ಹೋದರೆ ಪೈಪು ಕಟ್ಟುತ್ತದೆ. ನಿಮ್ಮಂಥ ಮನೆಗೆ ಈಗ ಬೇಡ. ಸ್ಪ್ರೇ ಬಾಟಲಿಯೇ ಸಾಕು.

ತಂದದ್ದನ್ನೆಲ್ಲ ತೊಳೆಯಬೇಕು ಎಂಬುದೂ ಪೂರ್ತಿ ಸರಿಯಲ್ಲ. ಬೆಣಚು, ಗ್ರಾನೈಟ್ ತೊಳೆಯಿರಿ. ಉಪ್ಪಿನ ಹರಳು ಕರಗಿಯೇ ಹೋಗುತ್ತದೆ, ಜಿಪ್ಸಮ್ ಹೊಳಪು ಕಳೆದುಕೊಳ್ಳುತ್ತದೆ. ಪೈರೈಟಿಗಂತೂ ತೇವವೇ ಶತ್ರು. ಮಳೆಗಾಲ ಕಳೆದು ಒಂದು ಡಬ್ಬಿ ತೆರೆದರೆ ನನ್ನ ಅತಿ ಪ್ರೀತಿಯ ಪೈರೈಟ್ ಹರಳು ಬೂದು ಪುಡಿಯಾಗಿತ್ತು. ಅದರಿಂದ ಹುಟ್ಟಿದ ಗಂಧಕಾಮ್ಲ ಕೆಳಗಿದ್ದ ಚೀಟಿಯನ್ನೂ ತಿಂದಿತ್ತು. ಹೋದ ಹರಳಿಗಿಂತ ಚೀಟಿಗೆ ಜಾಸ್ತಿ ಬೇಜಾರಾಯಿತು. ಎಲ್ಲಿ ಸಿಕ್ಕಿತು ಅಂತ ಬರೆದದ್ದು ಅದರಲ್ಲಿ ಮಾತ್ರ.

ಇದನ್ನು ಈಗಲೇ ಅಭ್ಯಾಸ ಮಾಡಿಸಿ. ಹೆಸರು ಆಮೇಲೆ ಯಾವಾಗಲಾದರೂ ಹುಡುಕಬಹುದು, ಸಿಕ್ಕಿದ ಜಾಗವನ್ನು ಮರೆತರೆ ಮತ್ತೆ ಹುಡುಕಲು ಆಗುವುದಿಲ್ಲ. ಸಂಗ್ರಹಾಲಯದವರೂ ಊರು ಗೊತ್ತಿಲ್ಲದ ಕಲ್ಲಿಗೆ ಅಷ್ಟು ಬೆಲೆ ಕೊಡುವುದಿಲ್ಲ. ಕಲ್ಲಿಗೆ ಬಿಳಿ ಬಣ್ಣದ ಒಂದು ಚುಕ್ಕಿ, ಅದರ ಮೇಲೆ ನಂಬರ್, ಪುಸ್ತಕದಲ್ಲಿ ಅದೇ ನಂಬರಿನ ಮುಂದೆ ಜಾಗ, ದಿನ. ಅಕ್ಷರ ಬಾರದಿದ್ದರೆ ಚಿತ್ರ ಬಿಡಿಸಲಿ. ಮೊಟ್ಟೆ ಟ್ರೇಯ ಗುಳಿಯಲ್ಲಿ ಹಿಡಿಯುವಷ್ಟೇ ಇಟ್ಟುಕೊಳ್ಳುವುದು, ಹೊಸದು ಬಂದರೆ ಹಳೆಯದೊಂದು ವಾಪಸ್ ಬಯಲಿಗೆ. ಯಾವುದನ್ನು ಬಿಡಲಿ ಎಂದು ಅವಳು ಅರ್ಧ ಗಂಟೆ ಯೋಚಿಸುತ್ತಾಳೆ ನೋಡಿ, ಕಲಿಯುವುದೆಲ್ಲ ಆಗಲೇ. ಅಮೆಥಿಸ್ಟ್ ಇದ್ದರೆ ಕಿಟಕಿಯಲ್ಲಿಡಬೇಡಿ, ಬಿಸಿಲಿಗೆ ನೇರಳೆ ಬಣ್ಣ ಮಾಸುತ್ತದೆ.

ಎಲ್ಲಿ ಹುಡುಕಬೇಕು? ಕಲ್ಲುಗಣಿ, ಕಡಿದಾದ ಬಂಡೆಯ ಬುಡ, ರೈಲು ಹಳಿಯ ಜಲ್ಲಿ, ನೀರು ಏರುವ ಹೊಳೆ ಪಾತ್ರ, ಇವು ನಾಲ್ಕೂ ಬೇಡ. ಸಂರಕ್ಷಿತ ಕಾಡು, ರಾಷ್ಟ್ರೀಯ ಉದ್ಯಾನ, ಹಳೆಯ ಸ್ಮಾರಕಗಳಿಂದ ಸಾಮಾನ್ಯವಾಗಿ ಕಲ್ಲು ಒಯ್ಯುವಂತಿಲ್ಲ. ಖಾಸಗಿ ಜಾಗವಾದರೆ ಕೇಳಿ ತೆಗೆದುಕೊಳ್ಳಿ. ದೊಡ್ಡ ಕಲ್ಲು ಮಗುಚುವ ಕೆಲಸ ನಿಮ್ಮದು, ಅದೂ ಕೋಲಿನಿಂದ. ಕೆಳಗೆ ಚೇಳೋ ಹಾವೋ ಇರಬಹುದು.

ಕೊಳ್ಳುವುದಾದರೆ ಕಣ್ಣು ತೆರೆದು ಕೊಳ್ಳಿ. ಗಾಢ ಗುಲಾಬಿ, ನೀಲಿ ಅಗೇಟ್ ಪಟ್ಟಿಗಳಲ್ಲಿ ಹೆಚ್ಚಿನವು ಬಣ್ಣ ಹಾಕಿದವು. ಹಳದಿ ಸಿಟ್ರಿನ್ ಹರಳು ಎಂದು ಮಾರುವುದರಲ್ಲಿ ಬಹಳಷ್ಟು ಕಾಯಿಸಿದ ಅಮೆಥಿಸ್ಟ್. ಇಂಥ ಹರಳು ಇಟ್ಟುಕೊಂಡರೆ ಜ್ವರ ಬರುವುದಿಲ್ಲ, ಬುದ್ಧಿ ಚುರುಕಾಗುತ್ತದೆ ಎಂಬ ಮಾತಿಗೆ ಆಧಾರ ಇಲ್ಲ. ಸುಮ್ನೆ ಇಟ್ಟುಕೊಂಡರೆ ನಷ್ಟವೂ ಇಲ್ಲ, ಆದರೆ ಕುಡಿಯುವ ನೀರಿನ ಬಾಟಲಿಗೆ ಹರಳು ಹಾಕುವುದು ಬೇಡ. ಏನು ಕರಗುತ್ತದೆ ಎಂದು ನೋಡಿ ಹೇಳಲಾಗದು.

ಹಾಗಾದರೆ ಬೆಳೆಸಬೇಕೇ, ಬಿಡಿಸಬೇಕೇ? ಬಿಡಿಸಬೇಡಿ. ಬೆಳೆಸಲು ಹೋಗಿ ಹಿಂದೆಯೂ ಬೀಳಬೇಡಿ. ಮುಂದಿನ ವರ್ಷ ಅವಳಿಗೆ ಹಕ್ಕಿಯೋ ಬಸ್ಸೋ ಇಷ್ಟವಾದರೆ ಆಗಲಿ.

ಉಳಿದದ್ದು ವಯಸ್ಸಿನ ಪ್ರಶ್ನೆ. ನೋಡಿ ಹೇಳಲು ಯಾರಿಂದಲೂ ಆಗದು, ಆದರೆ ಅವಳಿಗೆ ಕೊಡಲು ಒಂದು ಉತ್ತರ ಇದೆ. ಹೊಳೆಕಲ್ಲಿಗೆ ಎರಡು ವಯಸ್ಸು. ಕಲ್ಲಾಗಿ ಹುಟ್ಟಿದ್ದು ಒಂದು, ಉರುಳಿ ಉರುಳಿ ದುಂಡಗಾದದ್ದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಬಹಳ ಚಿಕ್ಕದು. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಜಿರ್ಕಾನ್ ಎಂಬ ಖನಿಜದ ಕಣಗಳಲ್ಲಿ ಕೆಲವಕ್ಕೆ ಸುಮಾರು 440 ಕೋಟಿ ವರ್ಷ. ಅವು ಸಿಕ್ಕಿದ್ದು ಅವು ಹುಟ್ಟಿದ ಬಂಡೆಯಲ್ಲಲ್ಲ. ಆ ಬಂಡೆ ಎಂದೋ ಸವೆದು ಹೋಗಿದೆ, ಕಣ ಮಾತ್ರ ಬೇರೆ ಕಲ್ಲಿನೊಳಗೆ ಸೇರಿಕೊಂಡು ಉಳಿದಿದೆ. ಮರಳಿನ ಕಣದಷ್ಟು ಚಿಕ್ಕದು, ಭೂಮಿಗಿಂತ ಹತ್ತಿಪ್ಪತ್ತು ಕೋಟಿ ವರ್ಷಕ್ಕೆ ಕಿರಿಯದು ಅಷ್ಟೇ.

ಅಂದಹಾಗೆ ವಾಷಿಂಗ್ ಮಷೀನಿನ ಫಿಲ್ಟರ್ ಒಮ್ಮೆ ಬಿಚ್ಚಿ ನೋಡಿ, ಬಾಗಿಲಿನ ರಬ್ಬರ್ ಮಡಿಕೆಯನ್ನೂ ನೋಡಿ. ನಮ್ಮ ಮನೆಯದರಲ್ಲಿ ಒಂದು ಸಲ ಗಾರ್ನೆಟ್ ಸಿಕ್ಕಿತ್ತು. ಅದು ಮಕ್ಕಳ ಜೇಬಿನದಲ್ಲ, ನನ್ನದು.